ಜಗಲಿಯಿಂದಲೇ ಕೊಟ್ಟಿಗೆಯ ದೀಪ: 555 ಚಿಪ್‌ನಿಂದ ಸರಳ ಆನ್-ಆಫ್ ಸರ್ಕೀಟ್

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಅಂಗಳದಾಚೆ ಇರುತ್ತದೆ. ಅದರ ದೀಪ ಹಾಕಲು, ಆರಿಸಲು ಜಗಲಿಯಲ್ಲಿ ಎರಡು ಬಟನ್, ಕೊಟ್ಟಿಗೆಯಲ್ಲಿ ಎರಡು ಇದ್ದರೆ ಮಳೆಗಾಲದಲ್ಲಿ ತುಂಬಾ ಅನುಕೂಲ ಅಲ್ವಾ? ಒಮ್ಮೆ ಒತ್ತಿ ಕೈಬಿಟ್ಟರೂ ದೀಪ ಉರಿಯುತ್ತಿರಬೇಕು. ಇದಕ್ಕೆ 555 ಟೈಮರ್ ಚಿಪ್ ಸಾಕು. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಚಿಪ್ ಇದು. ಹೆಸರು ಟೈಮರ್ ಆದರೂ ಕೊನೆಗೆ ಒತ್ತಿದ ಬಟನ್ ಯಾವುದೆಂದು ನೆನಪಿಡುವ ಭಾಗವೂ ಅದರೊಳಗಿದೆ. ನಮಗೆ ಬೇಕಿರುವುದು ಅಷ್ಟೇ.

ಮೊದಲು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸಿ ಪರೀಕ್ಷಿಸುವ ಹಲಗೆ) ಮೇಲೆ ಜೋಡಿಸಿ. ಚಿಪ್‌ನ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1ನೇ ಪಿನ್. ಅಲ್ಲಿಂದ ಕೆಳಗಿಳಿದು, ಬಲಗಡೆ ಮೇಲೆ ಹತ್ತುತ್ತಾ ಎಣಿಸಿ. 8ನೇ ಪಿನ್ 12 ವೋಲ್ಟ್ ಅಡಾಪ್ಟರ್‌ನ ಪ್ಲಸ್‌ಗೆ, 1 ಮತ್ತು 6 ಗ್ರೌಂಡ್‌ಗೆ, ಅಂದರೆ ಅಡಾಪ್ಟರ್‌ನ ಮೈನಸ್‌ಗೆ. 5ರಿಂದ ಗ್ರೌಂಡ್‌ಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್. 7 ಖಾಲಿ ಇರಲಿ.

2 ಮತ್ತು 4ನೇ ಪಿನ್‌ಗಳಿಂದ ಪ್ಲಸ್‌ಗೆ ಒಂದೊಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ಕಾಲಿಂಗ್ ಬೆಲ್‌ನ ಬಟನ್ ಒಂದನ್ನು 2 ಮತ್ತು ಗ್ರೌಂಡ್ ನಡುವೆ ಕೊಡಿ, ಅದು ಆನ್. ಇನ್ನೊಂದನ್ನು 4 ಮತ್ತು ಗ್ರೌಂಡ್ ನಡುವೆ ಕೊಟ್ಟರೆ ಆಫ್. 3ನೇ ಪಿನ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಎಲ್‌ಇಡಿ ಜೋಡಿಸಿ ನೋಡಿ. ಕೆಲಸ ಮಾಡಿತೆಂದರೆ ಕೊಟ್ಟಿಗೆಯ ಎರಡು ಬಟನ್‌ಗಳನ್ನು ಇವುಗಳಿಗೆ ಸಮಾನಾಂತರವಾಗಿ ಸೇರಿಸಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಬರುವುದು ಇದ್ದದ್ದೇ. ಬಂದಾಗ ಚಿಪ್ ಆನ್ ಆಗಿ ಏಳುತ್ತದೋ ಆಫ್ ಆಗಿಯೋ ಹೇಳಲಾಗದು. ದೀಪವಾದರೆ ಪರವಾಗಿಲ್ಲ, ಮುಂದೆ ಇದಕ್ಕೇ ಮೋಟಾರ್ ಜೋಡಿಸಿದರೆ ಅಪಾಯ. ಹಾಗಾಗಿ 4ನೇ ಪಿನ್‌ನಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು, ಅದರ ಪ್ಲಸ್ ಕಾಲು ಪಿನ್‌ನ ಕಡೆಗಿರಲಿ. ಅದು ಚಾರ್ಜ್ ಆಗುವವರೆಗೆ 4ನೇ ಪಿನ್‌ನ ವೋಲ್ಟೇಜ್ ಕಡಿಮೆಯೇ ಇರುವುದರಿಂದ ಚಿಪ್ ಆಫ್ ಆಗಿಯೇ ಶುರುವಾಗುತ್ತದೆ.

ಬಟನ್‌ಗೆ ಹೋಗುವ ತಂತಿ ಉದ್ದವಾದರೆ ಗುಡುಗು ಮಿಂಚಿನ ಹೊತ್ತಿನಲ್ಲಿ ದೀಪ ತಾನಾಗಿ ಹತ್ತಬಹುದು. 2ನೇ ಪಿನ್ನಿನ ರೆಸಿಸ್ಟರನ್ನು 1 ಕಿಲೋ ಓಮ್‌ಗೆ ಇಳಿಸಿ, ಚಿಪ್‌ನ ಪಕ್ಕದಲ್ಲೇ ಆ ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಕೊಡಿ. ಥಂಡಿ ಗಾಳಿಗೆ ಬ್ರೆಡ್‌ಬೋರ್ಡ್‌ನ ಕ್ಲಿಪ್ ತುಕ್ಕು ಹಿಡಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಬೋರ್ಡಿಗೆ ಬೆಸುಗೆ ಹಾಕಿ ವಾರ್ನಿಷ್ ಬಳಿಯುವುದೇ ಒಳ್ಳೆಯದು.

3ನೇ ಪಿನ್ 200 ಮಿಲಿಆಂಪಿಯರ್‌ಗಿಂತ ಜಾಸ್ತಿ ಕೊಡಲಾರದು. ದೊಡ್ಡ ದೀಪಕ್ಕೆ 12 ವೋಲ್ಟ್ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್) ಬೇಕು. ಅದರ ಕಾಯಿಲನ್ನು 3ನೇ ಪಿನ್ ಮತ್ತು ಗ್ರೌಂಡ್ ನಡುವೆ ಕೊಟ್ಟು, ಅದಕ್ಕೆ 1ಎನ್4007 ಡಯೋಡನ್ನು ಅಡ್ಡಲಾಗಿ ಹಾಕಿ, ಬಿಳಿ ಗೆರೆ ಇರುವ ತುದಿ 3ನೇ ಪಿನ್‌ನ ಕಡೆಗಿರಲಿ. ರಿಲೇಯ ಆಚೆ ಬದಿಯ 230 ವೋಲ್ಟ್ ತಂತಿಯನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.