ಬೆಂಗಳೂರಿನ ಗಾಳಿಯಲ್ಲಿ ಕಾರ್ಬನ್ ಎಷ್ಟು? ಬೆಳಕಿನಿಂದ ಅಳೆಯುವ ಬಗೆ

ಟಿವಿ ರಿಮೋಟ್ ಕೈಗೆ ತೆಗೆದುಕೊಳ್ಳಿ. ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಕಡೆ ತಿರುಗಿಸಿ ಯಾವುದಾದರೂ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಮೊಬೈಲ್ ಪರದೆಯಲ್ಲಿ ತಿಳಿ ನೇರಳೆ ಚುಕ್ಕಿಯೊಂದು ಮಿನುಗುತ್ತದೆ. ಅದೇ ಅವಕೆಂಪು ಬೆಳಕು. ಇನ್‌ಫ್ರಾರೆಡ್ ಅಂದರೆ ಬೇಗ ಗೊತ್ತಾಗುತ್ತದೆ, ಅಲ್ವಾ? ಇದೇ ಜಾತಿಯ ಬೆಳಕಿನಿಂದ ನಮ್ಮ ಬೀದಿಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಮನೆಯಲ್ಲೇ ಅಳೆಯಬಹುದು. ಬೆಂಗಳೂರಿನಲ್ಲಿ ಅಳೆಯುವವರು ಮಾತ್ರ ಒಂದು ವಿಷಯ ಮರೆಯಬಾರದು: ನಮ್ಮ ಊರಿನ ಎತ್ತರ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬರುವ ಅಂಕಿಗಳೆಲ್ಲ ತಪ್ಪು.

ಬೆಳಕು ನುಂಗುವ ಅನಿಲ

ಗಾಳಿಯಲ್ಲಿ ಬಹುಪಾಲು ಇರುವುದು ಸಾರಜನಕ ಮತ್ತು ಆಮ್ಲಜನಕ. ಅವಕೆಂಪು ಬೆಳಕು ಇವೆರಡನ್ನೂ ತಾಕದೆ ಹಾದುಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಅದರ ಅಣುವಿನ ಮೇಲೆ 4.26 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಲೆಯುದ್ದದ ಬೆಳಕು ಬಿದ್ದರೆ ಅಣು ಸ್ಪ್ರಿಂಗ್‌ನಂತೆ ಅಲುಗಾಡಿ ಆ ಬೆಳಕನ್ನು ನುಂಗಿಬಿಡುತ್ತದೆ. ರಿಮೋಟಿನ ಬೆಳಕಿನ ಅಲೆಯುದ್ದ ಒಂದು ಮೈಕ್ರಾನ್‌ಗಿಂತ ಸ್ವಲ್ಪ ಕಡಿಮೆ. ಹಾಗಾಗಿ ರಿಮೋಟಿನಿಂದ ಈ ಕೆಲಸ ಆಗದು.

ಹಸಿರುಮನೆ ಅನಿಲ ಎಂಬ ಹೆಸರು ಬಂದದ್ದೂ ಈ ನುಂಗುವ ಗುಣದಿಂದಲೇ. ಭೂಮಿ ಹೊರಬಿಡುವ ಶಾಖವೂ ಅವಕೆಂಪು ಬೆಳಕೇ ತಾನೆ. 1859ರಲ್ಲಿ ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಇದನ್ನು ಅಳೆದು ತೋರಿಸಿದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅವಕೆಂಪು ಯಂತ್ರ ಇಟ್ಟು ದಿನವೂ ಲೆಕ್ಕ ಬರೆಯಲು ಶುರು ಮಾಡಿದರು. ಆಗ ಅಲ್ಲಿ ಸುಮಾರು 315 ಪಿಪಿಎಂ ಇತ್ತು. 2024ರಲ್ಲಿ ಅದೇ ಬೆಟ್ಟದ ಸರಾಸರಿ ಸುಮಾರು 424.

ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಅಂತ. ಎರಡೂವರೆ ಮೂರು ಕೆಜಿ ರಾಗಿ ಚೀಲದಲ್ಲಿ ಹೆಚ್ಚುಕಡಿಮೆ ಹತ್ತು ಲಕ್ಷ ಕಾಳು ಇರುತ್ತವೆ. ಅದರಲ್ಲಿ 424 ಕಾಳು ಅಂದರೆ ಬರೀ ಒಂದು ಚಿಟಿಕೆ. ಇಡೀ ಚೀಲದಲ್ಲಿ ಆ ಚಿಟಿಕೆ ಹುಡುಕುವುದು ನಮ್ಮ ಕೆಲಸ.

ಮೊದಲು ಸರಿಯಾದ ಸೆನ್ಸರ್ ತನ್ನಿ

ಎಸ್.ಪಿ. ರಸ್ತೆಗೆ ಹೋಗಿ ‘ಸಿಒ2 ಸೆನ್ಸರ್ ಕೊಡಿ’ ಅಂದರೆ ಕೆಲವು ಕಡೆ ಎಂಕ್ಯೂ135 ಎಂಬ ಅಗ್ಗದ ಸೆನ್ಸರ್ ಕೈಗಿಡುತ್ತಾರೆ. ನನಗೂ ಒಂದು ಅಂಗಡಿಯಲ್ಲಿ ಅದನ್ನೇ ಕೊಟ್ಟಿದ್ದರು. ಮನೆಗೆ ತಂದು ಜೋಡಿಸಿದೆ. ಸಂಜೆ ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿದರೆ ಸಾಕು, ಅಂಕಿ ಸರ್ರನೆ ಏರುತ್ತಿತ್ತು. ಅದು ಬೆಳಕಿನಿಂದ ಅಳೆಯುವ ಸೆನ್ಸರ್ ಅಲ್ಲ. ಒಳಗೆ ಬಿಸಿಯಾದ ತವರದ ಆಕ್ಸೈಡ್ ಪದರ ಇರುತ್ತದೆ. ಹೊಗೆ, ಆಲ್ಕೋಹಾಲ್, ಅಮೋನಿಯಾ ಎಲ್ಲಕ್ಕೂ ಅದು ಪ್ರತಿಕ್ರಿಯಿಸುತ್ತದೆ. ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ.

ಕೇಳಬೇಕಾದ ಹೆಸರು ಎನ್‌ಡಿಐಆರ್, ಅಂದರೆ ಅವಕೆಂಪು ಬೆಳಕಿನಿಂದ ಅಳೆಯುವ ಸೆನ್ಸರ್. ಎಂಎಚ್-ಝಡ್19, ಎಸ್‌ಸಿಡಿ30 ಈ ಗುಂಪಿನವು. ಎಸ್‌ಸಿಡಿ30ಕ್ಕೆ ದುಡ್ಡು ಜಾಸ್ತಿ. ಆದರೂ ನಾನು ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ, ಯಾಕೆಂದರೆ ಅದಕ್ಕೆ ಊರಿನ ಎತ್ತರ ಹೇಳಿಕೊಡಬಹುದು. ಕೊಂಡದ್ದು ಅಸಲಿಯೋ ಅಲ್ಲವೋ ನೋಡಲು ಸುಲಭದ ದಾರಿ ಇದೆ. ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆದು ಸೆನ್ಸರ್ ಹತ್ತಿರ ಹಿಡಿಯಿರಿ. ಉಸಿರು ಮಾತ್ರ ಅದರ ಮೇಲೆ ಬಿಡಬೇಡಿ. ಅಂಕಿ ಹಾರಿದರೆ ಅದು ಎನ್‌ಡಿಐಆರ್ ಅಲ್ಲ.

ಎನ್‌ಡಿಐಆರ್ ಸೆನ್ಸರಿನ ಒಳಗೆ ಹೆಚ್ಚೇನೂ ಇಲ್ಲ. ಒಂದು ಪುಟ್ಟ ಬಲ್ಬು. ಬೆಳಕು ಹಾದುಹೋಗಲು ಒಂದು ಕೊಳವೆ. ಕೊನೆಯಲ್ಲಿ 4.26 ಮೈಕ್ರಾನ್ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್, ಅದರ ಹಿಂದೆ ಬೆಳಕು ಅಳೆಯುವ ಡಿಟೆಕ್ಟರ್. ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದಷ್ಟೂ ಡಿಟೆಕ್ಟರ್‌ಗೆ ಬೆಳಕು ಕಡಿಮೆ ತಲುಪುತ್ತದೆ. ಬಲ್ಬು ಹಳೆಯದಾಗಿ ಮಂಕಾದರೆ ಲೆಕ್ಕ ತಪ್ಪುತ್ತದಲ್ಲ? ಅದಕ್ಕೇ ಒಳ್ಳೆಯ ಸೆನ್ಸರ್‌ಗಳಲ್ಲಿ ಇನ್ನೊಂದು ಡಿಟೆಕ್ಟರ್ ಇರುತ್ತದೆ. ಯಾವ ಅನಿಲವೂ ನುಂಗದ ಅಲೆಯುದ್ದವನ್ನು ಅದು ನೋಡುತ್ತಿರುತ್ತದೆ. ಸೆನ್ಸರ್ ಎರಡನ್ನೂ ಹೋಲಿಸಿ ಅಂಕಿ ಕೊಡುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ನಾಲ್ಕು ವೈರ್ ಜೋಡಿಸಿದರೆ ಆಯಿತು, ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ.

ಬೆಂಗಳೂರು ಎಷ್ಟು ಎತ್ತರ?

ಈಗ ಮುಖ್ಯ ವಿಷಯಕ್ಕೆ ಬರೋಣ. ಸೆನ್ಸರ್ ಹತ್ತು ಲಕ್ಷಕ್ಕೆ ಎಷ್ಟು ಎಂದು ನೇರವಾಗಿ ನೋಡುವುದಿಲ್ಲ. ಬೆಳಕಿನ ದಾರಿಯಲ್ಲಿ ಎಷ್ಟು ಅಣು ಅಡ್ಡ ಬಂದವು ಅಂತಷ್ಟೇ ಅದಕ್ಕೆ ಗೊತ್ತು. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿನ ಒತ್ತಡ 910ರ ಆಸುಪಾಸು. ಅಂದರೆ ಮಂಗಳೂರಿನಲ್ಲಿ ಕೊಳವೆಯೊಳಗೆ ಹಿಡಿಸುವಷ್ಟು ಗಾಳಿ ಇಲ್ಲಿ ಹಿಡಿಸುವುದಿಲ್ಲ. ಗಾಳಿ ತೆಳು. ಅಣುಗಳೂ ಕಡಿಮೆ.

ಎತ್ತರ ಹೇಳದೆ ಸೆನ್ಸರ್ ಓಡಿಸಿದರೆ ಶೇಕಡಾ 10ರಿಂದ 15ರಷ್ಟು ಕಡಿಮೆ ತೋರಿಸಬಹುದು. ನಿಜವಾಗಿ 430 ಇದ್ದ ಕಡೆ 380 ಕಾಣುತ್ತದೆ. ನೋಡಿದವರು ‘ನಮ್ಮ ಏರಿಯಾ ಗಾಳಿ ಹವಾಯಿಗಿಂತ ಚೆನ್ನಾಗಿದೆ’ ಎಂದು ಖುಷಿಪಡುತ್ತಾರೆ. ಇದು ನನಗೆ ತುಂಬಾ ಬೇಸರ ತರುವ ತಪ್ಪು. ಎಸ್‌ಸಿಡಿ30ಕ್ಕೆ ಎತ್ತರ ತಿಳಿಸುವ ಒಂದು ಆದೇಶ ಇದೆ. ಅದರಲ್ಲಿ 920 ಎಂದು ಕೊಡಿ. ನಂದಿ ಬೆಟ್ಟಕ್ಕೆ ಒಯ್ದರೆ ಅಲ್ಲಿಯ 1,478 ಮೀಟರ್ ಕೊಡಬೇಕು.

ಆಮೇಲೆ ಹೊರಗಿನ ಗಾಳಿಯಲ್ಲಿ ಒಮ್ಮೆ ಸರಿಹೊಂದಿಸಿ. ಮಧ್ಯಾಹ್ನ ಎರಡು ಮೂರು ಗಂಟೆಗೆ, ಬಿಸಿಲು ಮತ್ತು ಗಾಳಿ ಇರುವ ದಿನ, ತೆರೆದ ಜಾಗಕ್ಕೆ ಹೋಗಿ. ಲಾಲ್‌ಬಾಗ್ ಬಂಡೆಯಂಥ ಜಾಗ ಸಿಕ್ಕರೆ ಒಳ್ಳೆಯದು. ಸೆನ್ಸರ್ ಹತ್ತು ನಿಮಿಷ ಓಡಲಿ, ಗಾಳಿ ನಿಮ್ಮಿಂದ ಸೆನ್ಸರ್ ಕಡೆಗೆ ಬೀಸದಂತೆ ಪಕ್ಕಕ್ಕೆ ಸರಿದು ನಿಲ್ಲಿ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ! ಅಂಕಿ ನಿಂತ ಮೇಲೆ ಅದನ್ನು 425 ಎಂದು ಕೂರಿಸಿ. ಕೆಲವು ಸೆನ್ಸರ್‌ಗಳು ತಾವು ಕಂಡ ಅತಿ ಕಡಿಮೆ ಅಂಕಿಯನ್ನು ತಾವಾಗಿಯೇ 400 ಎಂದುಕೊಳ್ಳುತ್ತವೆ. ಆ ಸೌಲಭ್ಯವನ್ನು ಆಫ್ ಮಾಡಿ. ಪೇಟೆಯ ನಡುವೆ ಗಾಳಿ ಯಾವತ್ತೂ 400ಕ್ಕೆ ಇಳಿಯುವುದಿಲ್ಲ.

ಎಲ್ಲಿ ಇಡಬೇಕು

ನಾನು ಮೊದಲು ಅಡುಗೆಮನೆ ಪಕ್ಕದ ಕಿಟಕಿಯ ಹೊರಗೆ ಇಟ್ಟಿದ್ದೆ. ದಿನಾ ಬೆಳಗ್ಗೆ ಏಳೂವರೆಗೆ ಅಂಕಿ ಏರುತ್ತಿತ್ತು. ಶಾಲೆ ವ್ಯಾನು, ಬಿಎಂಟಿಸಿ ಬಸ್ಸು ಶುರುವಾಗುವ ಹೊತ್ತು, ಹಾಗಾಗಿ ರಸ್ತೆಯದ್ದೇ ಎಂದುಕೊಂಡೆ. ಒಂದು ಭಾನುವಾರವೂ ಏರಿತು, ಆದರೆ ಒಂಬತ್ತು ಗಂಟೆಗೆ. ಭಾನುವಾರ ನಮ್ಮ ಮನೆಯಲ್ಲಿ ತಿಂಡಿ ಆಗುವುದೇ ಒಂಬತ್ತಕ್ಕೆ. ಇಡ್ಲಿ ಬೇಯಿಸುವ ಗ್ಯಾಸ್ ಸ್ಟೌವನ್ನು ವಾರವಿಡೀ ಅಳೆಯುತ್ತಿದ್ದೆ! ಒಂದು ಕೆಜಿ ಅಡುಗೆ ಅನಿಲ ಉರಿದರೆ ಸುಮಾರು ಮೂರು ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಆದ್ದರಿಂದ ತಾರಸಿ ಮೇಲೆ, ಅಡುಗೆಮನೆಯ ಚಿಮಣಿಯಿಂದ, ಜನ ಕೂರುವ ಜಾಗದಿಂದ ದೂರ ಇಡಿ. ಬಿಳಿ ಪ್ಲಾಸ್ಟಿಕ್ ಡಬ್ಬಿಯ ಪಕ್ಕಗಳಲ್ಲಿ, ಕೆಳಗೆ ತೂತು ಮಾಡಿ, ಸೊಳ್ಳೆ ಪರದೆಯ ಬಟ್ಟೆ ಅಂಟಿಸಿ. ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಮೇಲೆ ಮಳೆ ಬೀಳಬಾರದು. ಬೆಂಗಳೂರಿನ ಜಿಟಿಜಿಟಿ ಮಳೆಯಲ್ಲಿ ಕೊಳವೆಯೊಳಗೆ ತೇವ ಕೂತರೆ ಬೆಳಕು ಚದುರಿ ಅಂಕಿ ಕೆಡುತ್ತದೆ.

ಅಂಕಿ ಓದುವುದು

ಎಸ್‌ಸಿಡಿ30 ಕೊಡುವ ಅಂಕಿಯಲ್ಲಿ 40 ಪಿಪಿಎಂವರೆಗೆ ಆಚೀಚೆ ಇರಬಹುದು. ಹಾಗಾಗಿ ಐದು ಪಿಪಿಎಂ ಏರಿತು, ಇಳಿಯಿತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಹತ್ತು ನಿಮಿಷದ ಸರಾಸರಿ ಬರೆದುಕೊಳ್ಳಿ. ಒಂದೇ ಸೆನ್ಸರಿನ ಬೆಳಗಿನ ಅಂಕಿ, ಮಧ್ಯಾಹ್ನದ ಅಂಕಿ ಇವುಗಳ ನಡುವಿನ ವ್ಯತ್ಯಾಸವನ್ನು ಹೆಚ್ಚು ನಂಬಬಹುದು.

ಮಾಗಿ ಚಳಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ರಾತ್ರಿ ನೆಲ ತಣ್ಣಗಾಗಿ, ತಣ್ಣನೆ ಗಾಳಿ ಕೆಳಗೇ ಕೂರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ವಾಹನ, ಒಲೆ, ಉಸಿರಾಡುವ ಮರಗಿಡ ಎಲ್ಲವೂ ಬಿಟ್ಟದ್ದು ಆ ಮುಚ್ಚಳದ ಕೆಳಗೇ ಉಳಿಯುತ್ತದೆ. ಬೆಳಗಿನ ಜಾವ ಅಂಕಿ ಏರಿರುತ್ತದೆ. ಬಿಸಿಲು ಏರಿದಂತೆ ಗಾಳಿ ಮೇಲೆದ್ದು ಬೆರೆತು ಅಂಕಿ ಇಳಿಯುತ್ತದೆ. ಹೊರಬಿದ್ದ ಹೊಗೆ ಕಡಿಮೆಯಾಗಿ ಇಳಿದದ್ದಲ್ಲ ಅದು.

ಮೀಥೇನ್ ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಕಸದ ಗುಡ್ಡೆ, ರಾಜಕಾಲುವೆ ಇರುವ ಊರಿನಲ್ಲಿ ಅದು ನ್ಯಾಯವಾದ ಪ್ರಶ್ನೆ. ಆದರೆ ಗಾಳಿಯಲ್ಲಿ ಅದು ಇರುವುದೇ ಎರಡು ಪಿಪಿಎಂಗೆ ಹತ್ತಿರ. ಬೆರಳುದ್ದದ ಕೊಳವೆಗೆ ಅದು ಕಾಣದು. ಕನ್ನಡಿಗಳ ನಡುವೆ ಲೇಸರ್ ಬೆಳಕನ್ನು ಕಿಲೋಮೀಟರ್‌ಗಟ್ಟಲೆ ಓಡಾಡಿಸುವ ಯಂತ್ರ ಬೇಕು.

ಸೆನ್ಸರ್ ಜೊತೆಗೆ ಒಂದು ನೋಟ್‌ಬುಕ್ಕೂ ಇರಲಿ. ದಿನಾಂಕ, ಮಳೆ, ಗಾಳಿಯ ದಿಕ್ಕು ಬರೆಯಿರಿ. ಕರೆಂಟ್ ಹೋದ ಸಮಯಕ್ಕೆ ಒಂದು ಕಾಲಂ ಬೇರೆ ಮಾಡಿ. ಕರೆಂಟ್ ಹೋಗುತ್ತಿದ್ದಂತೆ ಪಕ್ಕದ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ಶುರುವಾಗುತ್ತದೆ. ಅಂಕಿಯಲ್ಲಿ ಇದ್ದಕ್ಕಿದ್ದಂತೆ ಎದ್ದ ಎಷ್ಟೋ ಗುಡ್ಡಗಳಿಗೆ ನನಗೆ ಉತ್ತರ ಸಿಕ್ಕಿದ್ದು ಆ ಕಾಲಂನಲ್ಲೇ.