ಇಡೀ ಬಂಡಲ್ ಎಷ್ಟು, ಬಿಡಿ ಎಷ್ಟು?

ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಹಾರ್ಡ್‌ವೇರ್ ಅಂಗಡಿಗೆ ರೈತರೊಬ್ಬರು ಫೋನ್ ಮಾಡಿದರು. ಬೋರ್‌ವೆಲ್ ಮೋಟಾರಿನ ಕೇಬಲ್ ಸುಟ್ಟಿದೆ, 350 ಅಡಿ ಬೇಕು, ಇದೆಯಾ ಎಂದರು. 350 ಅಡಿ ಅಂದರೆ ಸುಮಾರು 107 ಮೀಟರ್. ಕಂಪ್ಯೂಟರ್ 162 ಮೀಟರ್ ಸ್ಟಾಕ್ ತೋರಿಸುತ್ತಿತ್ತು. ‘ಇದೆ, ಬನ್ನಿ’ ಎಂದೆ. ಗೂಡ್ಸ್ ಆಟೋ ಮಾಡಿಕೊಂಡೇ ಬಂದರು. ಗೋಡೌನಿಗೆ ಹೋಗಿ ನೋಡಿದರೆ ಒಂದು ತುಂಡು 92 ಮೀಟರ್, ಇನ್ನೊಂದು 70.

‘ಇದೆ ಅಂದ್ರಲ್ಲ ಸ್ವಾಮಿ?’

ಏನು ಹೇಳಲಿ? ಲೆಕ್ಕವೇನೋ ಸರಿಯಾಗೇ ಇತ್ತು. 92ಕ್ಕೆ 70 ಸೇರಿಸಿದರೆ 162 ತಾನೇ? ಆದರೆ ನೀರಿಗೆ ಇಳಿಸುವ ಕೇಬಲ್ಲಿಗೆ ನಡುವೆ ಜಾಯಿಂಟ್ ಹಾಕಿಸಿಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ. ಬಿಡಿಯಾಗಿ ಮಾರುವ ಸರಕಿನ ಲೆಕ್ಕವನ್ನು ನಾನು ನೆಟ್ಟಗೆ ಕಲಿತದ್ದು ಅವತ್ತಿನಿಂದ. ವೈರ್, ಪೈಪ್, ಹಗ್ಗ, ಜಾಲರಿ, ಮೊಳೆ, ಥಿನ್ನರ್, ಎಲ್ಲಕ್ಕೂ ದಾರಿ ಹೆಚ್ಚುಕಡಿಮೆ ಒಂದೇ. ಬಟ್ಟೆ ಅಂಗಡಿಯವರಿಗೂ ಇದು ಹೊಂದುತ್ತದೆ.

ಮೊದಲು ಅಳತೆ ಗಟ್ಟಿ ಮಾಡಿಕೊಳ್ಳಿ

ಮನೆ ವೈರಿಂಗಿನ ವೈರ್ ಸಾಮಾನ್ಯವಾಗಿ 90 ಮೀಟರ್ ಕಾಯಿಲ್‌ಗಳಲ್ಲಿ, ಅಂದರೆ ಸುರುಳಿಗಳಲ್ಲಿ, ಬರುತ್ತದೆ. ಡೀಲರ್ ಬಿಲ್ಲಿನಲ್ಲಿ ‘10 ಕಾಯಿಲ್’ ಎಂದಿರುತ್ತದೆ, ನಾವು ಮಾರುವುದು ಮೀಟರಿನಲ್ಲಿ. ಗಡಿಬಿಡಿ ಶುರುವಾಗುವುದೇ ಇಲ್ಲಿ. 37 ಮೀಟರ್ ಉಳಿದಿದ್ದರೆ ಅದನ್ನು 0.41 ಕಾಯಿಲ್ ಎಂದು ಬರೆದವರನ್ನು ನೋಡಿದ್ದೇನೆ. ತಿರುಗಿ ಗುಣಿಸಿದರೆ 36.9 ಮೀಟರ್ ಬರುತ್ತದೆ. ಹತ್ತು ಸೆಂಟಿಮೀಟರ್ ಸುಮ್ನೆ ಮಾಯ! ನೀವು ಮಾರುವ ಅತಿ ಚಿಕ್ಕ ಅಳತೆ ಯಾವುದೋ, ಪುಸ್ತಕದಲ್ಲೂ ಅದೇ ಇರಲಿ. ಡೀಲರ್ ಬಿಲ್ ಬಂದ ದಿನವೇ 10 ಕಾಯಿಲನ್ನು 900 ಮೀಟರ್ ಎಂದು ಬರೆದುಬಿಡಿ.

ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬಳಸುವವರು ಮೀಟರನ್ನು ಮುಖ್ಯ ಯೂನಿಟ್ ಮಾಡಿ, ಕಾಯಿಲನ್ನು ಆಲ್ಟರ್ನೇಟ್ ಯೂನಿಟ್ (ಎರಡನೇ ಅಳತೆ) ಆಗಿ ಕೊಡಬಹುದು. ಯೂನಿಟ್ ಮಾಡುವಾಗ ದಶಮಾಂಶ ಎಷ್ಟು ಸ್ಥಾನ ಬೇಕು ಎಂದು ಕೇಳುತ್ತದೆ. ಅದನ್ನು ಸೊನ್ನೆ ಬಿಟ್ಟರೆ ಎರಡೂವರೆ ಮೀಟರ್ ಬಿಲ್ ಮಾಡಲು ಒದ್ದಾಡಬೇಕು. ಮೀಟರಿಗೆ 2 ಸ್ಥಾನ, ಕೆಜಿಗೆ 3 ಸ್ಥಾನ ಕೊಟ್ಟರೆ ಸೆಂಟಿಮೀಟರ್, ಗ್ರಾಂ ತನಕ ಹಿಡಿಯಬಹುದು.

ಬಿಚ್ಚಿದ್ದು ಬೇರೆ, ಬಿಚ್ಚದ್ದು ಬೇರೆ

ಸೀಲ್ ಇರುವ ಪೆಟ್ಟಿಗೆಗಳು ಒಂದು ರ‍್ಯಾಕಿನಲ್ಲಿ, ಬಿಚ್ಚಿದವು ಕೌಂಟರ್ ಹತ್ತಿರ. ಸೀಲ್ ಇದ್ದದ್ದನ್ನು ಎಣಿಸಿದರೆ ಸಾಕು. ಅಳೆಯುವ ಕೆಲಸ ಬಿಚ್ಚಿದ್ದಕ್ಕೆ ಮಾತ್ರ. ಒಂದು ಬಣ್ಣದಲ್ಲಿ ಒಂದೇ ಕಾಯಿಲ್ ಬಿಚ್ಚಿರಬೇಕು ಎಂದು ಹುಡುಗರಿಗೆ ಹೇಳಿಟ್ಟಿದ್ದೇನೆ. ಆದರೂ ಜನ ಜಾಸ್ತಿ ಇದ್ದಾಗ ಕೈಗೆ ಸಿಕ್ಕಿದ್ದನ್ನು ಹರಿದುಬಿಡುತ್ತಾರೆ. ಒಂದು ದಿನ ಕೆಂಪು ವೈರಿನ ನಾಲ್ಕು ಅರೆಬರೆ ಕಾಯಿಲ್ ಸಿಕ್ಕಿದ್ದವು.

ಪ್ರತಿ ತುಂಡಿಗೂ ಒಂದು ಚೀಟಿ

ನನ್ನ ಪ್ರಕಾರ ಸಾಫ್ಟ್‌ವೇರಿಗಿಂತ ಮುಖ್ಯವಾದದ್ದು ಇದು. ಹಳೇ ಮದುವೆ ಕಾಗದಗಳನ್ನು ಕತ್ತರಿಸಿ, ತೂತು ಮಾಡಿ, ದಾರ ಪೋಣಿಸಿ ಇಟ್ಟುಕೊಂಡಿದ್ದೇವೆ. ಕಾಯಿಲ್ ಬಿಚ್ಚಿದ ಕೂಡಲೇ ಒಂದನ್ನು ಕಟ್ಟುವುದು. ಈಗ ನನ್ನ ಮುಂದಿರುವ, 1.5 ಸ್ಕ್ವೇರ್ ಎಂಎಂ ದಪ್ಪದ ಕೆಂಪು ವೈರಿನ ಚೀಟಿಯಲ್ಲಿ ಹೀಗಿದೆ: ‘1.5 ಕೆಂಪು. 90. 12 ಹೋಯ್ತು, 78. 5 ಹೋಯ್ತು, 73. 30 ಹೋಯ್ತು, 43. 6 ಹೋಯ್ತು, 37.’ ಕತ್ತರಿಸಿದವನೇ ಬರೆಯಬೇಕು, ಕತ್ತರಿ ಕೆಳಗಿಡುವ ಮೊದಲೇ ಬರೆಯಬೇಕು. ಆಮೇಲೆ ಬರೆದರಾಯಿತು ಎಂದರೆ ಮುಗಿಯಿತು.

ಕಂಪ್ಯೂಟರಿನಲ್ಲೂ ತುಂಡುಗಳು ಬೇರೆ ಬೇರೆ ಕಾಣಬೇಕಿದ್ದರೆ ಬ್ಯಾಚ್ ಸೌಲಭ್ಯ ಬಳಸಿ. ಪ್ರತಿ ತುಂಡೂ ಒಂದು ಬ್ಯಾಚ್. ಆಗ 162ರ ಬದಲು 92, 70 ಎಂದೇ ಕಾಣುತ್ತದೆ. ಎಲ್ಲ ಐಟಂಗೂ ಇದು ಬೇಡ, ಕೆಲಸ ವಿಪರೀತವಾಗುತ್ತದೆ. ಅಖಂಡ ಉದ್ದವೇ ಬೇಕಾಗುವ ಬೋರ್‌ವೆಲ್ ಕೇಬಲ್, ಸರ್ವಿಸ್ ವೈರ್‌ನಂಥವಕ್ಕೆ ಸಾಕು. ಕೆಲವು ಕಂಪನಿಗಳ ಕೇಬಲ್ ಮೇಲೆ ಮೀಟರಿಗೊಂದು ನಂಬರ್ ಅಚ್ಚಾಗಿರುತ್ತದೆ. ಎರಡು ತುದಿಯ ನಂಬರ್ ಓದಿ ಕಳೆದರೆ ಉದ್ದ ಸಿಕ್ಕಿತು.

ಅಳೆಯುವ ಬದಲು ತೂಗಿ

ಸುತ್ತಿಟ್ಟ ವೈರನ್ನು ಬಿಡಿಸಿ ಅಳೆಯುವುದು ತಲೆನೋವು. ಮತ್ತೆ ಸುತ್ತುವಾಗ ಗಂಟು ಬೇರೆ. ಅದಕ್ಕೆ ಹೊಸ ಕಾಯಿಲ್ ಒಂದನ್ನು ಪೆಟ್ಟಿಗೆಯಿಂದ ತೆಗೆದು ತೂಗಿ, 90ರಿಂದ ಭಾಗಿಸಿ. 1 ಕೆಜಿ 890 ಗ್ರಾಂ ಬಂತು ಅಂದುಕೊಳ್ಳಿ, ಮೀಟರಿಗೆ 21 ಗ್ರಾಂ ಆಯಿತು. ಉಳಿದ ಸುರುಳಿ 777 ಗ್ರಾಂ ತೂಗಿದರೆ 37 ಮೀಟರ್ ಇದೆ ಎಂದರ್ಥ. 1.5 ಸ್ಕ್ವೇರ್ ಎಂಎಂ ವೈರಿನಲ್ಲಿ ತಾಮ್ರವೇ ಮೀಟರಿಗೆ ಸುಮಾರು 13 ಗ್ರಾಂ ಇರುತ್ತದೆ. ಮೇಲಿನ ಪಿವಿಸಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಾಗಾಗಿ ಪ್ರತಿ ಕಂಪನಿಗೂ, ಪ್ರತಿ ಸೈಜಿಗೂ ಬೇರೆ ತೂಕ ಬರೆದು ತಕ್ಕಡಿ ಪಕ್ಕದ ಗೋಡೆಗೆ ಅಂಟಿಸಿ. ಇದು ಒಳಗಿನ ಲೆಕ್ಕಕ್ಕೆ ಮಾತ್ರ. ಗಿರಾಕಿಗೆ ಕೊಡುವಾಗ ತೂಕ-ಅಳತೆ ಇಲಾಖೆಯ ಮುದ್ರೆ ಇರುವ ಮೀಟರ್ ಕೋಲಿನಲ್ಲೇ ಅಳೆಯಬೇಕು.

ಥಿನ್ನರ್ ಕ್ಯಾನಿಗೂ ಇದೇ ಉಪಾಯ. ಖಾಲಿ ಕ್ಯಾನಿನ ತೂಕವನ್ನು ಮೊದಲೇ ಬರೆದಿಟ್ಟಿರಬೇಕು, ಅಷ್ಟೇ.

ಒಂದು ಗೇಣಿನ ಕಥೆ

ಚೀಟಿಯಲ್ಲಿ 5 ಮೀಟರ್ ಉಳಿದಿದೆ, ಕೈಯಲ್ಲಿರುವುದು ಒಂದೇ ಮೀಟರ್. ಯಾರೂ ಕದ್ದಿಲ್ಲ. ಅಳೆಯುವಾಗ ‘ಇರಲಿ ಬಿಡಿ’ ಎಂದು ಒಂದು ಗೇಣು ಜಾಸ್ತಿ ಬಿಡುವುದು ನಮ್ಮ ಅಪ್ಪನ ಕಾಲದಿಂದ ಬಂದ ಅಭ್ಯಾಸ. ಗೇಣು ಅಂದರೆ ಸುಮಾರು 22 ಸೆಂಟಿಮೀಟರ್. ಐದೈದು ಮೀಟರಿನಂತೆ ಮಾರಿದರೆ ಒಂದು ಕಾಯಿಲ್‌ಗೆ 17 ಗಿರಾಕಿ, ಹತ್ತಿರಹತ್ತಿರ 4 ಮೀಟರ್ ಹೀಗೇ ಹೋಗುತ್ತದೆ. ಇದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಗಿರಾಕಿ ಮತ್ತೆ ಬರುವುದು ಆ ಗೇಣಿಗೇ. ಆದರೆ ಲೆಕ್ಕದಲ್ಲಿ ಇರಲಿ. 1,800 ರೂಪಾಯಿ ಕೊಟ್ಟು ತಂದ ಕಾಯಿಲನ್ನು 90ರಿಂದ ಭಾಗಿಸಿದರೆ ಮೀಟರಿಗೆ 20 ರೂಪಾಯಿ. 86ರಿಂದ ಭಾಗಿಸಿದರೆ ಹತ್ತಿರಹತ್ತಿರ 21. ಬಿಡಿ ಮಾರಾಟದ ರೇಟ್ ಹಾಕುವಾಗ 21 ಹಿಡಿಯಿರಿ. ಕಾಯಿಲ್ ಮುಗಿದಾಗ ಚೀಟಿಯಲ್ಲಿ ಉಳಿದದ್ದನ್ನು ‘ಕಟಿಂಗ್ ನಷ್ಟ’ ಎಂದು ಬರೆದು ಮುಗಿಸಿ.

ಮೊಳೆಯ ಫಜೀತಿ ಬೇರೆ. ‘20 ರೂಪಾಯಿ ಮೊಳೆ ಕೊಡಿ’ ಎನ್ನುತ್ತಾರೆ, ಗ್ರಾಂ ಯಾರೂ ಕೇಳುವುದಿಲ್ಲ. ಕೆಜಿಗೆ 100 ರೂಪಾಯಿ ಇದ್ದರೆ 200 ಗ್ರಾಂ ತೂಗಿ ಕೊಡಿ, ಬಿಲ್ಲಿನಲ್ಲಿ 0.200 ಕೆಜಿ ಎಂದೇ ಹಾಕಿ. ಮುಷ್ಟಿ ಲೆಕ್ಕದಲ್ಲಿ ಕೊಟ್ಟರೆ ಸ್ಟಾಕ್ ಎಂದೂ ತಾಳೆಯಾಗುವುದಿಲ್ಲ.

ಚೂರುಗಳಿಗೊಂದು ಡಬ್ಬ

ಎಷ್ಟು ಉದ್ದಕ್ಕಿಂತ ಕಡಿಮೆಯಾದರೆ ಮಾರಲು ಕಷ್ಟ ಎಂದು ಐಟಂವಾರು ತೀರ್ಮಾನಿಸಿ. ನಮ್ಮಲ್ಲಿ ವೈರಿಗೆ 2 ಮೀಟರ್, ಪೈಪಿಗೆ 3 ಅಡಿ. ಅದಕ್ಕಿಂತ ಚಿಕ್ಕದು ‘ಚೂರು’ ಎಂಬ ಬೇರೆ ಐಟಮ್ಮಿಗೆ ಹೋಗುತ್ತದೆ, ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಕಡಿಮೆಗಾದರೂ ಮಾರುವುದೇ ಮೇಲು. ಪುಸ್ತಕದಿಂದ ತೆಗೆದುಹಾಕಿದ ಮಾಲಿಗೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ಜಮೆಯನ್ನು) ಜಿಎಸ್‌ಟಿ ಕಾಯ್ದೆಯ 17(5) ಕಲಂ ಪ್ರಕಾರ ವಾಪಸ್ ಮಾಡಬೇಕಾಗುತ್ತದೆ. ಕಟಿಂಗ್ ನಷ್ಟವನ್ನು ಹೇಗೆ ತೋರಿಸಬೇಕು ಎಂದು ನಿಮ್ಮ ಆಡಿಟರನ್ನು ಒಮ್ಮೆ ಕೇಳಿಬಿಡಿ.

ಮಾರ್ಚ್ 31ರ ರಾತ್ರಿ ಎಲ್ಲವನ್ನೂ ಎಣಿಸುತ್ತೇವೆ ಎಂದು ಕಾಯಬೇಡಿ. ದಿನಕ್ಕೆ ಬಿಚ್ಚಿದ ಎರಡೇ ಐಟಂ ತೂಗಿ ಚೀಟಿಗೆ ಹೋಲಿಸಿ. ಹತ್ತು ನಿಮಿಷದ ಕೆಲಸ, ಬಾಗಿಲು ಎಳೆಯುವ ಮೊದಲು ಆಗುತ್ತದೆ ಅಲ್ವಾ?

ಆ 92 ಮೀಟರಿನ ತುಂಡು ಮುಂದಿನ ತಿಂಗಳೇ ಹೋಯಿತು. 70ರದ್ದು ಇನ್ನೂ ಗೋಡೌನಿನ ಗೋಡೆಯಲ್ಲಿ ಚೀಟಿ ಕಟ್ಟಿಕೊಂಡು ನೇತಾಡುತ್ತಿದೆ. ಅದು ಸಾಲುವುದು 230 ಅಡಿಗೆ. ನಮ್ಮ ಕಡೆ ಅಷ್ಟರಲ್ಲಿ ನೀರು ಸಿಗುವ ಬೋರ್‌ವೆಲ್ ಈಗ ಎಲ್ಲಿದೆ?