ಪುರಸಭೆಯ ಹಳೆಯ ಉಪವಿಧಿಗಳ ಪರಿಷ್ಕರಣೆ: ನನ್ನ ಅನುಭವ

ಅಮೆರಿಕದ ಅನೇಕ ನಗರಗಳಿಗೆ ತಮ್ಮದೇ ಆದ ಸನ್ನದು, ಅಂದರೆ ನಗರಾಡಳಿತದ ಮೂಲ ಕಾನೂನು, ಇರುತ್ತದೆ. ಪೋರ್ಟ್‌ಲ್ಯಾಂಡ್ ನಗರದಲ್ಲಿ ಕನಿಷ್ಠ 10 ವರ್ಷಕ್ಕೊಮ್ಮೆ ನಾಗರಿಕರ ಆಯೋಗವೊಂದು ಕುಳಿತು ಅದನ್ನು ಪರಿಶೀಲಿಸಬೇಕು. ಅಂಥ ಒಂದು ಪರಿಶೀಲನೆಯ ಫಲವಾಗಿ 2022ರಲ್ಲಿ ಮತದಾರರು ತಮ್ಮ ನಗರಾಡಳಿತದ ಸ್ವರೂಪವನ್ನೇ ಬದಲಿಸಿಕೊಂಡರು. ನಮ್ಮ ಕಾರವಾರ, ಶಿರಸಿಗಳ ನಗರಸಭೆಗಳಿಗೆ ಅಥವಾ ಕುಮಟಾ, ಅಂಕೋಲಾ ಪುರಸಭೆಗಳಿಗೆ ಆ ಅವಕಾಶವಿಲ್ಲ. ಅವುಗಳ ರಚನೆ, ಅಧಿಕಾರ, ತೆರಿಗೆ ಎಲ್ಲವನ್ನೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ನಿರ್ಧರಿಸುತ್ತದೆ. ಊರಿನ ಕೈಗೆ ಉಳಿಯುವುದು ಉಪವಿಧಿ, ಅಂದರೆ ಎಲ್ಲರೂ ಬೈಲಾ ಎಂದು ಕರೆಯುವ ಭಾಗ. ಅದು ಚಿಕ್ಕದಾದರೂ ಸಂತೆ, ಕಸ, ಚರಂಡಿ, ಪರವಾನಗಿಗಳ ವಿಷಯದಲ್ಲಿ ಜನರಿಗೆ ಎದುರಾಗುವ ಕಾನೂನು ಅದೇ. ಪುರಸಭೆ ಕಚೇರಿಯಲ್ಲಿ ದುಡಿದು ನಿವೃತ್ತನಾದ ಮೇಲೆ ನಮ್ಮ ಕರಾವಳಿಯ ಒಂದು ಪುರಸಭೆಯ ಪರಿಷ್ಕರಣ ಸಮಿತಿಗೆ ನಾನು ನೆರವಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಸದಸ್ಯರಲ್ಲಿ ಹಲವರು ಹೊಸ ಕರಡಿನಿಂದಲೇ ಆರಂಭಿಸೋಣ ಎಂದಿದ್ದರು. ಸದ್ಯ ಜಾರಿಯಲ್ಲಿರುವುದು ಯಾವುದು ಎಂಬುದು ಮೊದಲು ಗೊತ್ತಾಗಬೇಕೆಂದು ನಾನು ಹಟ ಹಿಡಿದೆ, ಮತ್ತು ಹೆಚ್ಚಿನ ಸಮಯ ಹೋದದ್ದೂ ಅದಕ್ಕೇ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರವರೆಗೆ ಅಲ್ಲೇ ಇದ್ದ ಜಿಲ್ಲೆ. ಆದ್ದರಿಂದ ನಮ್ಮ ಹಳೆಯ ಉಪವಿಧಿಗಳ ಬೇರು 1901ರ ಮುಂಬಯಿ ಜಿಲ್ಲಾ ಮುನಿಸಿಪಲ್ ಕಾಯ್ದೆಯಲ್ಲಿದೆ. 1964ರ ಕಾಯ್ದೆ ಅದನ್ನು ರದ್ದುಪಡಿಸಿತಾದರೂ, ಹೊಸ ಕಾಯ್ದೆಗೆ ವಿರುದ್ಧವಲ್ಲದ ಹಳೆಯ ಉಪವಿಧಿಗಳನ್ನು ಉಳಿಸಿಕೊಂಡಿತು. ಹೀಗಾಗಿ ಎತ್ತಿನ ಗಾಡಿಯ ಪರವಾನಗಿಯ ಕುರಿತ ಇಂಗ್ಲಿಷ್ ಉಪವಿಧಿಯನ್ನು ಕೂಡ ಹಳತಾಯಿತೆಂಬ ಒಂದೇ ಕಾರಣಕ್ಕೆ ಸತ್ತುಹೋಗಿದೆ ಎನ್ನುವಂತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ಅಭಿಲೇಖಾಲಯದಲ್ಲಿ ಸಿಕ್ಕಿತು: ಕಚೇರಿಯು ವರ್ಷಗಟ್ಟಲೆ ಬೈಲಾ ಎಂದು ಹೇಳಿ ವಸೂಲಿ ಮಾಡುತ್ತಿದ್ದ ಕೆಲವು ಶುಲ್ಕಗಳಿಗೆ ಸಾಮಾನ್ಯ ಸಭೆಯ ಠರಾವಿನ ಹೊರತು ಬೇರೆ ಆಧಾರವಿರಲಿಲ್ಲ. ಸರ್ಕಾರದ ಮಂಜೂರಾತಿ ಪಡೆದು ರಾಜ್ಯಪತ್ರದಲ್ಲಿ ಪ್ರಕಟವಾಗದ ಠರಾವು, ಎಷ್ಟೇ ಕಾಲದಿಂದ ನಡೆದುಬಂದಿದ್ದರೂ, ಉಪವಿಧಿಯಾಗುವುದಿಲ್ಲ. ನಮ್ಮ ಮಳೆಗಾಲದ ತೇವ ಮತ್ತು ಗೆದ್ದಲು ಬಿಟ್ಟುಕೊಟ್ಟ ಠರಾವು ಪುಸ್ತಕಗಳನ್ನೇ ನಂಬಿ ಈ ವಿಂಗಡಣೆ ಮಾಡಬೇಕಾಯಿತು. ರಾಜ್ಯಪತ್ರದ ಪ್ರತಿ ಸಿಗದವನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದೆವು.

ಎರಡನೆಯ ಪ್ರಶ್ನೆ, ಜಾರಿಯಲ್ಲಿದೆ ಎಂದು ಕಂಡುಬಂದದ್ದು ಆಮೇಲೆ ಬಂದ ಕಾನೂನಿಗೆ ಹೊಂದುತ್ತದೆಯೇ ಎಂಬುದು. ಇದು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೀನು ಮಾರುಕಟ್ಟೆಯ ವಿಷಯದಲ್ಲಿ. ಹಳೆಯ ಉಪವಿಧಿಯ ಪ್ರಕಾರ, ಮಾರುಕಟ್ಟೆಯ ಕಟ್ಟೆ ಬಿಟ್ಟು ರಸ್ತೆಯ ಬದಿಯಲ್ಲಿ ಕುಳಿತವರ ಸಾಮಾನನ್ನು ಆರೋಗ್ಯ ನಿರೀಕ್ಷಕರು ಕೂಡಲೇ ವಶಪಡಿಸಿಕೊಂಡು, ದಂಡ ಕಟ್ಟುವವರೆಗೆ ಪುರಸಭೆಯ ಗೋದಾಮಿನಲ್ಲಿ ಇಡಬಹುದಾಗಿತ್ತು. ಹೊಸ ಕರಡಿನಲ್ಲಿ ದಂಡವನ್ನಷ್ಟೇ ಏರಿಸಿ ಈ ಕಲಮನ್ನು ಹಾಗೆಯೇ ಮುಂದುವರಿಸಲಾಗಿತ್ತು. ಆದರೆ ಬೀದಿ ವ್ಯಾಪಾರಿಗಳ 2014ರ ಕೇಂದ್ರ ಕಾಯ್ದೆಯಂತೆ 30 ದಿನಗಳ ನೋಟಿಸು ಇಲ್ಲದೆ ವ್ಯಾಪಾರಿಯನ್ನು ತೆರವುಗೊಳಿಸುವಂತಿಲ್ಲ; ವಶಪಡಿಸಿಕೊಂಡ ಸರಕಿಗೆ ಪಟ್ಟಿ ಕೊಡಬೇಕು; ಕೊಳೆಯುವ ಸರಕನ್ನು ಕೇಳಿಕೊಂಡ ದಿನವೇ ಮರಳಿಸಬೇಕು. ಬುಟ್ಟಿ ಹೊತ್ತು ಬಂದು ಬದಿಯಲ್ಲಿ ಕೂರುವ ನಮ್ಮ ಮೀನುಗಾರ ಮಹಿಳೆಯರು ಈ ಕಾಯ್ದೆಯ ಅರ್ಥದಲ್ಲಿ ಬೀದಿ ವ್ಯಾಪಾರಿಗಳೇ ಎಂಬುದನ್ನು ಸಮಿತಿಯಲ್ಲಿ ಒಪ್ಪಿಸುವುದು ಸುಲಭವಾಗಲಿಲ್ಲ. ಆ ಕಾಯ್ದೆ ತಳ್ಳುಗಾಡಿಯವರಿಗೆ ಮಾತ್ರ ಎಂಬ ಭಾವನೆ ಬಲವಾಗಿತ್ತು. ಕೊನೆಗೆ ವಾದ ತೀರಿಸಿದ್ದು ಮಾರುಕಟ್ಟೆಯಲ್ಲಿ ಒಬ್ಬ ಹಿರಿಯ ಮಹಿಳೆ ಸದಸ್ಯರೆದುರೇ ಕೇಳಿದ ಪ್ರಶ್ನೆ: “ಮೀನು ಹೊತ್ಕಂಡ್ ಹೋಗಿ ನಿಮ್ಮ ಗೋದಾಮ್ನಲ್ಲಿ ಇಟ್ರೆ, ನಾಳೆ ಅದು ಯಾರಿಗೆ ಬೇಕು ಸಾಹೇಬ್ರೆ?” ಕಲಮನ್ನು ಕೈಬಿಟ್ಟು, ತೆರವು ಹಾಗೂ ವಶದ ವಿಷಯದಲ್ಲಿ ಕೇಂದ್ರ ಕಾಯ್ದೆಯೇ ಅನ್ವಯಿಸುತ್ತದೆ ಎಂದಷ್ಟೇ ಬರೆದೆವು. ವ್ಯಾಪಾರದ ಸ್ಥಳ ಗುರುತಿಸುವ ಮಾತು ಅದೇ ಕಾಯ್ದೆಯಡಿಯ ಪಟ್ಟಣ ಮಾರಾಟ ಸಮಿತಿಗೆ ಸೇರಿದ್ದೆಂದು ಅಲ್ಲಿಗೆ ಬಿಟ್ಟೆವು. ಆ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದರಷ್ಟು ಮಹಿಳೆಯರಿರಬೇಕು. ಕೌನ್ಸಿಲಿನ ಸಭಾಂಗಣಕ್ಕಿಂತ ಈ ಪ್ರಶ್ನೆಗೆ ಅದೇ ತಕ್ಕ ಜಾಗವೆಂದು ನನ್ನ ಅಭಿಪ್ರಾಯ.

ಆ ಮಹಿಳೆ ಅಂದು ಮಾತಾಡಲು ಸಿಕ್ಕದ್ದು ಆಕಸ್ಮಿಕವಲ್ಲ. ಆಕ್ಷೇಪಣೆ ಆಹ್ವಾನಿಸುವ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಕೊಟ್ಟು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಕಾನೂನಿನ ಅಗತ್ಯ ಮುಗಿಯುತ್ತದೆ, ಆಕ್ಷೇಪಣೆ ಮಾತ್ರ ಬರುವುದಿಲ್ಲ. ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಸಂವಿಧಾನವು ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿಲ್ಲವಾದ್ದರಿಂದ, ನಮ್ಮ ಜಿಲ್ಲೆಯ ಯಾವ ಊರಿನಲ್ಲೂ ಜನರ ಮಾತು ಕೌನ್ಸಿಲಿಗೆ ತಲುಪಲು ಆ ದಾರಿಯನ್ನು ನೆಚ್ಚುವಂತಿಲ್ಲ. ಹಾಗಾಗಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಜೂನ್–ಜುಲೈ ನಿಷೇಧದ ಅವಧಿಯಲ್ಲಿ, ಮಾರುಕಟ್ಟೆಯ ಗಡಿಬಿಡಿ ಕಡಿಮೆ ಇರುವಾಗ, ಕರಡನ್ನು ಅಲ್ಲಿಯೇ ಓದಿ ಕೊಂಕಣಿಯಲ್ಲೂ ವಿವರಿಸುವ ವ್ಯವಸ್ಥೆ ಮಾಡಿದೆವು. ಬಾಯಿಮಾತಿನ ಆಕ್ಷೇಪಣೆಯನ್ನು ಗುಮಾಸ್ತರು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಅಥವಾ ಸಹಿ ಪಡೆದು ಕಡತಕ್ಕೆ ಸೇರಿಸಿದರು. ಬರಹದಲ್ಲಿಲ್ಲದ ಆಕ್ಷೇಪಣೆ ನಡವಳಿಯಲ್ಲಿ ಕಾಣಿಸುವುದಿಲ್ಲ, ಬೆಂಗಳೂರಿಗೆ ತಲುಪುವುದಂತೂ ದೂರವೇ ಉಳಿಯಿತು.

ಕಸದ ಭಾಗದಲ್ಲಿ ಚರ್ಚೆ ಕಡಿಮೆ ನಡೆಯಿತು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಮನೆಯ ಅಪಾಯಕಾರಿ ಕಸವನ್ನು ಬೇರ್ಪಡಿಸುವುದನ್ನೂ ಬಳಕೆದಾರರ ಶುಲ್ಕವನ್ನೂ ವಿಧಿಸಿದ್ದರಿಂದ ಮಾದರಿ ಉಪವಿಧಿಯನ್ನೇ ಬಹುಮಟ್ಟಿಗೆ ಒಪ್ಪಿಕೊಂಡೆವು. ಹಿತ್ತಲಿನ ತೆಂಗಿನ ಬುಡಕ್ಕೆ ಹಸಿ ಕಸ ಹಾಕುವ ಮನೆಗಳಿಗೆ ಶುಲ್ಕದಲ್ಲಿ ರಿಯಾಯಿತಿ ಎಂಬ ಒಂದು ಕಲಮನ್ನು ಮಾತ್ರ ಸೇರಿಸಿದೆವು. ಶೌಚಗುಂಡಿ ಮತ್ತು ಬಾವಿಯ ನಡುವಿನ ಅಂತರದ ಪ್ರಶ್ನೆ ಅದಕ್ಕಿಂತ ಗಂಭೀರವಾದದ್ದು, ಏಕೆಂದರೆ ನಮ್ಮ ಚಿರೆಕಲ್ಲಿನ ನೆಲ ನೀರನ್ನು ಸಲೀಸಾಗಿ ಹಾಯಗೊಡುತ್ತದೆ; ಆದರೆ ಅದು ಕಟ್ಟಡ ಉಪವಿಧಿಗೆ ಸೇರಿದ ವಿಷಯವೆಂದು ಬೇರೆ ಕಡತವಾಯಿತು.

ಮಂಜೂರಾತಿಯ ಹಂತದಲ್ಲಿ ಉಪಯೋಗಕ್ಕೆ ಬಂದದ್ದು ಒಂದು ತಃಖ್ತೆ. ಹಳೆಯ ಕಲಮು, ಹೊಸ ಕಲಮು, ಅದಕ್ಕೆ ಕಾಯ್ದೆಯಲ್ಲಿರುವ ಆಧಾರ, ಬಂದ ಆಕ್ಷೇಪಣೆ ಮತ್ತು ಅದರ ಮೇಲಿನ ತೀರ್ಮಾನ, ಇಷ್ಟನ್ನು ಒಂದೇ ಸಾಲಿನಲ್ಲಿ ಇಟ್ಟು ಪ್ರಸ್ತಾವನೆಗೆ ಲಗತ್ತಿಸಿದ್ದೆವು. ಆಧಾರದ ಅಂಕಣ ಖಾಲಿ ಉಳಿದ ಕಲಮುಗಳನ್ನು ನಾವೇ ಮೊದಲೇ ತೆಗೆದುಹಾಕಿದ್ದೆವು. ಕಾಯ್ದೆ ಕೊಡದ ಅಧಿಕಾರವನ್ನು ಉಪವಿಧಿ ಹುಟ್ಟಿಸಲಾರದು, ಕಾಯ್ದೆ ಹಾಕಿದ ದಂಡದ ಮಿತಿಯನ್ನು ಮೀರಲೂ ಆಗದು. ಆದರೂ ಕಡತ ವಿವರಣೆ ಕೇಳಿ ಹಿಂತಿರುಗಿತು. ಕೇಳಿದ್ದು ಹಿತ್ತಲಿನ ರಿಯಾಯಿತಿಯ ಬಗ್ಗೆ: ಯಾವ ಮನೆ ಅರ್ಹವೆಂದು ಯಾರು, ಹೇಗೆ ನಿರ್ಧರಿಸುತ್ತಾರೆ? ಪ್ರಶ್ನೆ ನ್ಯಾಯವಾದದ್ದೇ. ಮನೆಯವರ ಸ್ವಯಂ ಘೋಷಣೆ, ಅದರ ಮೇಲೆ ಆರೋಗ್ಯ ನಿರೀಕ್ಷಕರ ತಪಾಸಣೆ, ಸುಳ್ಳೆಂದು ಕಂಡುಬಂದರೆ ಪೂರ್ಣ ಶುಲ್ಕ ಎಂದು ಕಲಮನ್ನು ತಿದ್ದಿ, ಸಾಮಾನ್ಯ ಸಭೆಯ ಮುಂದೆ ಮತ್ತೊಮ್ಮೆ ಇಟ್ಟು, ಠರಾವಿನ ಪ್ರತಿಯೊಂದಿಗೆ ಕಳಿಸಿದ ಮೇಲೆ ಮಂಜೂರಾತಿ ಬಂತು.